ಮೂರು ಕಾಲಿನ ಕುದುರೆ

"ನಾಲ್ಕನೇ ಕಾಲು ಎಲ್ಲಿ? ಕುಂಟುತ್ತಾ ಹಿಂದೆ ಬರ್ತಾ ಇದೆಯಾ?"

ದೊಡ್ಡ ಸೊಸೆ ಬ್ಯಾಡ್ಜನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ, ಎತ್ತಿ ಹಿಡಿದಿದ್ದಳು. ಅದರ ಮೇಲೆ ಕೆಂಪು ದಾರದ ಕುದುರೆಯೊಂದು ನೆಗೆಯುತ್ತಿತ್ತು, ಮೂರೇ ಕಾಲಲ್ಲಿ.

ಚಿಕ್ಕ ಸೊಸೆ ಮೌಸನ್ನು ಅತ್ತಿತ್ತ ಅಲ್ಲಾಡಿಸುತ್ತಿದ್ದಳು. ಅವಳ ಎದುರಿನ ಮಾನಿಟರ್ ಮುಖ ಕಪ್ಪಿಟ್ಟುಕೊಂಡು ಕೂತಿತ್ತು. ಪುಟ್ಟ ಚೌಕವೊಂದು ಮಾತ್ರ ಆ ಕತ್ತಲಲ್ಲಿ ಮೂಲೆಯಿಂದ ಮೂಲೆಗೆ ತೇಲುತ್ತಾ, ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲ ಎಂದು ಹಂಗಿಸುತ್ತಿತ್ತು. ಪಕ್ಕದಲ್ಲಿ ಕಸೂತಿ ಯಂತ್ರದ ಸೂಜಿ ಅರ್ಧಕ್ಕೇ ನಿಂತು, ಮುಂದೇನು ಎಂದು ಕೇಳುವ ಹಾಗೆ ಗಾಳಿಯಲ್ಲಿತ್ತು.

"ಕೇಳ್ತಾ ಇರೋದು ನಿನ್ನನ್ನೇ."

"ಕೇಳಿಸ್ತು ಅಕ್ಕ. ಲ್ಯಾಪ್‌ಟಾಪ್ ಮತ್ತೆ ಮಲಗಿಬಿಟ್ಟಿದೆ."

"ಮಲಗದೆ ಏನು ಮಾಡುತ್ತೆ? ನಿನ್ನ ಹತ್ತಿರ ಇರೋದಲ್ವಾ, ನಿನ್ನ ಅಭ್ಯಾಸವೇ ಬಂದಿರುತ್ತೆ."

ಅದು ಮಾವನ ಕಸೂತಿ ಅಂಗಡಿ. ಸಮವಸ್ತ್ರದ ಜೇಬಿಗೆ, ಟೋಪಿಗೆ, ಆಟಗಾರರ ಅಂಗಿಗೆ ಹೆಸರನ್ನೂ ಲಾಂಛನವನ್ನೂ ಹೊಲಿದುಕೊಡುವುದು ಕೆಲಸ. ಮುಂದೆ ಒಂದು ಕೌಂಟರು, ಹಿಂದೆ ಒಂದು ಉದ್ದನೆಯ ಕೋಣೆ. ಕೋಣೆಯ ಈ ಗೋಡೆಗೆ ದೊಡ್ಡ ಸೊಸೆಯ ಇಸ್ತ್ರಿ ಮೇಜು, ಆ ಮೂಲೆಗೆ ಚಿಕ್ಕ ಸೊಸೆಯ ಕಂಪ್ಯೂಟರ್ ಮೇಜು, ನಡುವೆ ಯಂತ್ರ. ಗಂಡಂದಿರಿಬ್ಬರೂ ಆರ್ಡರು ಹಿಡಿಯಲು, ಸರಕು ಮುಟ್ಟಿಸಲು ಎಂದು ಬೆಳಗ್ಗೆ ಹೊರಟರೆ ಕತ್ತಲಾದ ಮೇಲೇ ಬರುತ್ತಿದ್ದರು. ಈ ಕೋಣೆಯಲ್ಲಿ ಇಲ್ಲದಿರುವುದೇ ಜಾಣತನವೆಂದು ಅಣ್ಣತಮ್ಮಂದಿರು ಬಾಯಿಬಿಟ್ಟು ಮಾತಾಡಿಕೊಳ್ಳದೆಯೇ ತೀರ್ಮಾನಿಸಿಕೊಂಡಂತಿತ್ತು.

ಮಾವನದು ಒಂದೇ ನಿಯಮ. ಕೈಯಲ್ಲಿ ಇಲ್ಲದ್ದು ಮುಚ್ಚಿರಬೇಕು. ದಾರದ ಪುಡಿ, ಬಟ್ಟೆಯ ನಾರು ಆ ಕೋಣೆಯ ಗಾಳಿಯಲ್ಲಿ ಸದಾ ಹಾರಾಡುತ್ತಿತ್ತು. ಹತ್ತು ನಿಮಿಷ ತೆರೆದಿಟ್ಟ ನೀರಿನ ಲೋಟದಲ್ಲೂ ಅದರ ಕೆನೆ ಕಟ್ಟುತ್ತಿತ್ತು. ಹೊಲಿಗೆ ಯಂತ್ರಕ್ಕೆ ಹೊದಿಕೆ, ದಾರದ ಉಂಡೆಗೆ ಡಬ್ಬಿ, ಕತ್ತರಿಗೆ ಚೀಲ. ಲ್ಯಾಪ್‌ಟಾಪ್ ಬಂದ ದಿನ ಅದರ ಕೀಲಿಗಳ ಸಂದುಗಳನ್ನು ಬಗ್ಗಿ ನೋಡಿ, "ಇದು ನಾರು ತಿನ್ನೋ ಬಾಯಿ, ಇದನ್ನ ಮುಚ್ಚೇ ಕೆಲಸ ಮಾಡಬೇಕು" ಎಂದವರು, ಬಡಗಿಯನ್ನು ಕರೆಸಿ ಮೇಜಿನ ಕೆಳಗೆ ಒಂದು ಸಪೂರ ಗೂಡು ಮಾಡಿಸಿದ್ದರು. ಮುಚ್ಚಿದ ಲ್ಯಾಪ್‌ಟಾಪ್ ಅದರೊಳಗೆ. ಮೇಜಿನ ಮೇಲೆ ಮಾನಿಟರ್, ಕೀಬೋರ್ಡ್, ಮೌಸ್. ಮುಚ್ಚಳ ಎತ್ತಲು ಗೂಡಿನಲ್ಲೂ ಜಾಗವಿಲ್ಲ, ಮೇಜಿನ ಮೇಲೂ ಇಲ್ಲ.

ಅದಕ್ಕೆ ಮೊದಲು ಚಿತ್ರಗಳನ್ನು ಹೊರಗಿನವನೊಬ್ಬ ಮಾಡಿಕೊಡುತ್ತಿದ್ದ. ಆಗ ಚಿಕ್ಕ ಸೊಸೆಯ ಜಾಗ ಇಸ್ತ್ರಿ ಮೇಜಿನ ಕಾಲಬುಡದ ಒಂದು ಮಣೆ. ದೊಡ್ಡವಳು ಮೇಲಿನಿಂದ ಬ್ಯಾಡ್ಜು ಎಸೆಯುವುದು, ಚಿಕ್ಕವಳು ಕೆಳಗೆ ಕೂತು ಹಿಂಬದಿಯ ದಾರ ಕತ್ತರಿಸುವುದು. ಬ್ಯಾಡ್ಜಿನ ಜೊತೆ ಒಂದೊಂದು ಮಾತೂ ಮಡಿಲಿಗೆ ಬೀಳುತ್ತಿತ್ತು. ಕತ್ತರಿ ಹಿಡಿಯೋದು ತಾಯಿಮನೇಲಿ ಕಲಿಸಲಿಲ್ಲವಾ, ಬೆರಳೋ ಬೆಂಡೋ, ಇಂಥವು. ಚಿಕ್ಕ ಸೊಸೆ ರಾತ್ರಿ ಫೋನಿನಲ್ಲಿ ನೋಡಿ ನೋಡಿ ಚಿತ್ರ ಮಾಡುವುದನ್ನು ಕಲಿತು, ಮಾವನನ್ನು ಕಾಡಿಬೇಡಿ ಆ ಮಣೆಯಿಂದ ಎದ್ದಿದ್ದಳು. ಎದ್ದು ಇನ್ನೂ ತಿಂಗಳು ತುಂಬಿರಲಿಲ್ಲ.

ಲ್ಯಾಪ್‌ಟಾಪ್ ಬಂದಂದಿನಿಂದಲೂ ಇದೇ ರಗಳೆ. ಸರಿಯಾಗಿ ನಡೆಯುತ್ತಿರುವಾಗಲೇ ತಟ್ಟನೆ ಮಾನಿಟರ್ ಕಪ್ಪು. ಯಂತ್ರಕ್ಕೆ ಹೊಲಿಗೆ ಹೋಗುವುದು ಅದೇ ಲ್ಯಾಪ್‌ಟಾಪಿನಿಂದ, ತಂತಿಯಲ್ಲಿ. ಇದು ಮಲಗಿದರೆ ಅದೂ ನಿಲ್ಲುತ್ತದೆ, ಒಂದು ಬ್ಯಾಡ್ಜು ಕೆಡುತ್ತದೆ. ಗೂಡಿನಿಂದ ಲ್ಯಾಪ್‌ಟಾಪ್ ಎಳೆದು, ತೊಡೆಯ ಮೇಲಿಟ್ಟು ಮುಚ್ಚಳ ತೆರೆದರೆ ಏನೂ ಆಗಿಲ್ಲವೆಂಬಂತೆ ಕಣ್ಣು ಬಿಡುತ್ತಿತ್ತು. ಮುಚ್ಚಿ ಒಳಗೆ ತಳ್ಳಿದರೆ ಒಮ್ಮೊಮ್ಮೆ ನಡೆಯುತ್ತಿತ್ತು, ಒಮ್ಮೊಮ್ಮೆ ಮುಚ್ಚಿದ ತಕ್ಷಣವೇ ಮಲಗುತ್ತಿತ್ತು. ತಂತಿ ಬಿಚ್ಚಿ ಸಿಕ್ಕಿಸಿದಳು. ಮನೆಯ ಟಿವಿಯ ತಂತಿ ತಂದು ನೋಡಿದಳು. ಮಾನಿಟರಿನ ಹಿಂದಿನ ಗುಂಡಿಗಳನ್ನೆಲ್ಲ ಒತ್ತಿ, ಒಂದು ಸಂಜೆ ಪೂರ್ತಿ ಅದು ಯಾವುದೋ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡುವ ಹಾಗೆ ಮಾಡಿದಳು. ಮಾರಿದ ಅಂಗಡಿಯವನು ಫೋನಿನಲ್ಲಿ, "ಮುಚ್ಚಳ ತೆರೆದಿಟ್ಟು ನೋಡಿ ಮೇಡಂ" ಎಂದ. ನೋಡಿದಳು. ತೊಡೆಯ ಮೇಲೇ ತೆರೆದಿಟ್ಟುಕೊಂಡ ಆ ಇಡೀ ದಿನ ಒಂದು ಸಲವೂ ಮಲಗಲಿಲ್ಲ.

ತೆರೆದಿಡಬೇಕೆಂದರೆ ಜಾಗ ಬೇಕು. ಜಾಗವಿರುವುದು ಇಸ್ತ್ರಿ ಮೇಜಿನ ಕಡೆ. "ಅಕ್ಕ, ನಿಮ್ಮ ಮೇಜು ಒಂದೆರಡು ಗೇಣು ಆಚೆ ಸರಿಸಿದ್ರೆ" ಎಂದು ಒಂದು ದಿನ ಬಾಯಿಬಿಟ್ಟಿದ್ದೇ ತಪ್ಪಾಯಿತು.

"ಓಹೋ, ಇದಕ್ಕಾ ಈ ನಾಟಕ? ಮೊದಲು ಮಣೆಯಿಂದ ಎದ್ದೆ. ಈಗ ಮೇಜು ಸರಿಸು ಅಂತೀಯ. ನಾಳೆ ನನ್ನನ್ನೇ ಬೀದಿಗೆ ಸರಿಸ್ತೀಯ" ಎಂದಿದ್ದಳು ದೊಡ್ಡ ಸೊಸೆ. ಅಂದಿನಿಂದ ಲ್ಯಾಪ್‌ಟಾಪ್ ಮಲಗಿದಾಗಲೆಲ್ಲ ಅವಳ ಲೆಕ್ಕದಲ್ಲಿ ಅದು ತನ್ನ ಮೇಜಿನ ಮೇಲೆ ನಡೆದ ದಾಳಿ. ಚಿಕ್ಕ ಸೊಸೆಯ ಲೆಕ್ಕ ಬೇರೆ. ತನ್ನ ಬೆನ್ನಹಿಂದೆ ಅಕ್ಕ ಏನೋ ಮಾಡುತ್ತಿದ್ದಾಳೆ ಎಂದು ಅವಳಿಗೆ ಖಾತ್ರಿ. ಏನು ಎಂಬುದೊಂದೇ ಗೊತ್ತಾಗುತ್ತಿರಲಿಲ್ಲ.

ಮಾವ ಕೌಂಟರಿನಿಂದ ಒಳಗೆ ಬಂದರು. ದೊಡ್ಡ ಸೊಸೆ ಬ್ಯಾಡ್ಜನ್ನು ಅವರ ಅಂಗೈಗೆ ಹಾಕಿದಳು.

"ಇದೇನು?"

"ಕುದುರೆ ಮಾವ. ನಿಮ್ಮ ಕಂಪ್ಯೂಟರ್ ಸೊಸೆ ಮಾಡಿದ್ದು."

ಮಾವ ಕನ್ನಡಕ ಹಣೆಗೇರಿಸಿ ನೋಡಿದರು. ಫುಟ್‌ಬಾಲ್ ತಂಡವೊಂದರ ಲಾಂಛನ ಅದು. ತಂಡದ ತರಬೇತುದಾರ ಸಂಜೆ ಬ್ಯಾಡ್ಜುಗಳಿಗೆ ಬರುವವನಿದ್ದ. ಮಾವ ಹೊರಗೆ ಹೋಗಿ, ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಹಿಡಿದು ವಾಪಸು ಬಂದು ಚಿಕ್ಕ ಸೊಸೆಯ ಕುರ್ಚಿಯ ಪಕ್ಕ ಇಟ್ಟರು. ಲ್ಯಾಪ್‌ಟಾಪ್, ಕೀಬೋರ್ಡ್, ಎಲ್ಲ ಆರಾಮಾಗಿ ಹಿಡಿಯುವಷ್ಟು ದೊಡ್ಡದು.

"ಆ ತರಬೇತುದಾರ ಬಹಳ ಬಾಯಿ. ಅವನು ಬರೋ ಹೊತ್ತಿಗೆ ಎಲ್ಲ ಕುದುರೆಗೂ ನಾಲ್ಕು ಕಾಲು ಇರಬೇಕು. ಇಲ್ಲದಿದ್ರೆ ಇದನ್ನೆಲ್ಲ ಈ ಪೆಟ್ಟಿಗೆಗೆ ತುಂಬಿ, ತಂದ ಅಂಗಡಿಗೇ ವಾಪಸ್ ಕೊಟ್ಟುಬಿಡ್ತೀನಿ. ಚಿತ್ರ ಮೊದಲಿನ ಹಾಗೆ ಹೊರಗೇ ಮಾಡಿಸೋಣ. ನೀನು ದಾರ ಕತ್ತರಿಸೋಕೆ ಕೂರು."

ದೊಡ್ಡ ಸೊಸೆ ಕಾಲಿನಿಂದಲೇ ಆ ಹಳೆಯ ಮಣೆಯನ್ನು ಮೇಜಿನ ಅಡಿಯಿಂದ ಸ್ವಲ್ಪ ಹೊರಗೆ ತಳ್ಳಿದಳು. ಅತಿಥಿಗೆ ಕುರ್ಚಿ ಸರಿಸಿಕೊಟ್ಟ ಹಾಗೆ.

ಚಿಕ್ಕ ಸೊಸೆಯ ತಾಳ್ಮೆ ಅಲ್ಲಿಗೆ ಹರಿಯಿತು. "ಮಾವ, ಒಂದು ಮಾತು. ಅಕ್ಕ ಊಟಕ್ಕೆ ಹೋದಾಗ ಇದು ಒಂದು ಸಲವೂ ಮಲಗಲ್ಲ. ಅಕ್ಕ ಬಂದು ನಿಂತ ಮೇಲೇ ಶುರು. ಅದು ಯಾಕೆ ಅಂತ ಅವರನ್ನೇ ಕೇಳಿ."

"ಏನಂದೆ?"

"ಇದ್ದದ್ದು ಅಂದೆ."

"ನಾನು ನಿನ್ನ ಮೇಜಿನ ಹತ್ತಿರ ಬಂದಿದ್ದು ನೋಡಿದ್ದೀಯಾ? ನನ್ನ ಎರಡೂ ಕೈ ಇಡೀ ದಿನ ಈ ಬಟ್ಟೆ ಮೇಲೇ ಇರುತ್ತೆ. ಕಣ್ಣಿಂದ ನೋಡಿ ಕೆಡಿಸ್ತೀನಾ? ಹಾಗೊಂದು ಶಕ್ತಿ ಇದ್ದಿದ್ರೆ ಮೊದಲು ನಿನ್ನನ್ನೇ ನೋಡ್ತಿದ್ದೆ."

"ನೋಡೇ ನೋಡ್ತೀರಲ್ಲ, ದಿನಾ."

"ಸಾಕು, ಬಾಯಿ ಮುಚ್ಚಿ ಇಬ್ಬರೂ" ಎಂದರು ಮಾವ. ಅವರ ನಿಯಮ ಬಾಯಿಗೂ ಅನ್ವಯಿಸುತ್ತಿತ್ತು, ನಡೆಯುತ್ತಿರಲಿಲ್ಲ ಅಷ್ಟೆ.

ದೊಡ್ಡ ಸೊಸೆ ಇಸ್ತ್ರಿಪೆಟ್ಟಿಗೆಯನ್ನು ಅದರ ಹಿಂಬದಿಯ ಮೇಲೆ ನಿಲ್ಲಿಸಿ, ಅದರ ಪ್ಲಗ್ಗು ಕಿತ್ತಳು. ಗೋಡೆ ಬದಿಯ ಸ್ಟೂಲಿನ ಮೇಲೆ ಕೂತು ಎರಡೂ ಕೈ ಕಟ್ಟಿಕೊಂಡಳು. "ನೋಡಿ ಮಾವ, ಇಲ್ಲೇ ಕೂತೆ. ಏನನ್ನೂ ಮುಟ್ಟಲ್ಲ. ಇಸ್ತ್ರಿಯೂ ಮಾಡಲ್ಲ. ಈಗಲೂ ಅದು ಮಲಗಿದ್ರೆ ಯಾರ ಕೈವಾಡ ಅಂತ ನೀವೇ ತೀರ್ಮಾನ ಮಾಡಿ."

ಮಾವ ಕೌಂಟರಿಗೆ ಹೋದರು. ಚಿಕ್ಕ ಸೊಸೆ ಲ್ಯಾಪ್‌ಟಾಪನ್ನು ಎಳೆದು, ಎಬ್ಬಿಸಿ, ಮುಚ್ಚಿ, ಗೂಡಿಗೆ ತಳ್ಳಿದಳು. ಮಾನಿಟರಿನಲ್ಲಿ ಕುದುರೆ ಬಂತು. ಯಂತ್ರ ಹೊಸ ಬಟ್ಟೆಯ ಮೇಲೆ ಕಟಕಟ ಶುರುಮಾಡಿತು.

ಮಲಗಲಿಲ್ಲ. ಒಂದು ಬ್ಯಾಡ್ಜು ಮುಗಿಯಿತು, ಇನ್ನೊಂದು, ಮತ್ತೊಂದು. ನಾಲ್ಕು ಕಾಲು, ಬಾಲ, ಜೂಲು, ಎಲ್ಲ ಇದ್ದ ಕುದುರೆಗಳು ಸಾಲಾಗಿ ಬುಟ್ಟಿಗೆ ಬಿದ್ದವು. ಊಟದ ಹೊತ್ತು ಕಳೆಯಿತು. ಮಾನಿಟರ್ ಕಣ್ಣು ಮಿಟುಕಿಸಲಿಲ್ಲ. ಪ್ರತಿಯೊಂದು ಬ್ಯಾಡ್ಜಿಗೂ ಚಿಕ್ಕ ಸೊಸೆ ಕತ್ತು ತಿರುಗಿಸಿ ಸ್ಟೂಲಿನ ಕಡೆ ನೋಡಿದಳು. ಮೊದಮೊದಲು ದೊಡ್ಡ ಸೊಸೆ ಗೆದ್ದವಳಂತೆ ತಲೆಯೆತ್ತಿ ಕೂತಿದ್ದಳು. ಬರಬರುತ್ತಾ ಅವಳ ಮುಖದ ಬಣ್ಣ ಬದಲಾಯಿತು. ತಾನು ಕೈಕಟ್ಟಿ ಕೂತದ್ದು ತನ್ನ ಕೊರಳಿಗೇ ಸುತ್ತಿಕೊಳ್ಳುತ್ತಿದೆ ಎಂಬುದು ಅವಳಿಗೆ ಹೊಳೆಯತೊಡಗಿತ್ತು. ಎದ್ದರೆ ಸೋಲು, ಕೂತರೂ ಸೋಲು.

"ಚೆನ್ನಾಗಿ ನಡೀತಾ ಇದೆ ಅಲ್ವಾ ಅಕ್ಕ?"

"ಇನ್ನೂ ಸಂಜೆ ಆಗಿಲ್ಲ."

"ನೀವು ಹೀಗೇ ಕೂತಿರಿ. ಬೇಕಾದ್ರೆ ದಿಂಬು ಕೊಡ್ತೀನಿ."

"ಕೊಡು. ನಿನ್ನ ಮುಖಕ್ಕೆ ಒತ್ತೋಕೆ ಉಪಯೋಗಕ್ಕೆ ಬರುತ್ತೆ."

ಬುಟ್ಟಿ ತುಂಬಿದ್ದನ್ನು ನೋಡಿದ ಮಾವ ಒಳಗೆ ಬಂದರು. ಹೊಲಿದ ಬ್ಯಾಡ್ಜು ಮುದುಡಿಕೊಂಡಿರುತ್ತದೆ, ಇಸ್ತ್ರಿಯಾಗದೆ ಕೊಡುವಂತಿಲ್ಲ. ದೊಡ್ಡ ಸೊಸೆಯನ್ನು ನೋಡಿದರು. ಅವಳು ಕಟ್ಟಿದ ಕೈ ಬಿಚ್ಚಲಿಲ್ಲ.

"ನಾನು ಮುಟ್ಟಿದ್ರೆ ಅವಳ ಲ್ಯಾಪ್‌ಟಾಪ್ ಸಾಯುತ್ತಂತೆ. ನೀವೇ ಮಾಡಿಕೊಳ್ಳಿ."

"ನಿಮ್ಮ ಜಗಳದಲ್ಲಿ ಈ ವಯಸ್ಸಿಗೆ ನಾನು ಇಸ್ತ್ರಿ ಹಿಡಿಯಬೇಕು" ಎಂದು ಗೊಣಗುತ್ತಾ ಮಾವ ಅಂಗಿಯ ತೋಳು ಮಡಚಿ, ಇಸ್ತ್ರಿಯ ಪ್ಲಗ್ಗು ಸಿಕ್ಕಿಸಿದರು.

ಆ ಇಸ್ತ್ರಿಪೆಟ್ಟಿಗೆಯ ವಿಷಯ ಹೇಳಬೇಕು. ಅದರ ಬಿಸಿ ಏರಿಸಿ ಇಳಿಸುವ ಗುಂಡಿ ಕೆಟ್ಟು ಎಷ್ಟೋ ಕಾಲವಾಗಿತ್ತು. ಹಚ್ಚಿದರೆ ಪೂರ್ತಿ ಕೆಂಡ, ಆರಿಸಿದರೆ ತಣ್ಣಗೆ, ನಡುವೆ ಏನೂ ಇಲ್ಲ. ಸರಿಮಾಡಿಸಿ ಎಂದು ದೊಡ್ಡ ಸೊಸೆ ಕೇಳಿದಾಗಲೆಲ್ಲ ಮಾವ, "ಕೈಗೆ ಅಭ್ಯಾಸವಾದದ್ದನ್ನ ಯಾಕೆ ಬದಲಾಯಿಸಬೇಕು" ಅನ್ನುತ್ತಿದ್ದರು. ಹಾಗಾಗಿ ಅವಳು ಬಿಸಿಯನ್ನು ಸ್ವಿಚ್ಚಿನಿಂದಲೇ ಆಳುತ್ತಿದ್ದಳು. ಮೇಜಿನ ಅಡಿ ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡು ಬಿದ್ದಿತ್ತು, ಅದಕ್ಕೆ ಒಂದೇ ಸ್ವಿಚ್ಚು. ಸ್ವಲ್ಪ ಹೊತ್ತು ಹಚ್ಚು, ವಾಸನೆ ಏರಿದರೆ ಆರಿಸು, ಮತ್ತೆ ಹಚ್ಚು. ಕೈ ಬಟ್ಟೆ ಬಿಡದ ಹಾಗೆ, ಬಗ್ಗದೆ, ಕಾಲಿನ ಹೆಬ್ಬೆರಳಿನಲ್ಲೇ. ಯಂತ್ರದ ಸದ್ದಿನಲ್ಲಿ ಆ ಟಕ್ ಯಾರಿಗೂ ಕೇಳಿಸುತ್ತಿರಲಿಲ್ಲ, ಬಹುಶಃ ಅವಳಿಗೂ. ಊಟಕ್ಕೆ ಹೋಗುವಾಗ ಮಾತ್ರ ಸ್ವಿಚ್ಚನ್ನು ಹಾಗೇ ಬಿಟ್ಟು, ಇಸ್ತ್ರಿಯ ಪ್ಲಗ್ಗನ್ನೇ ಕಿತ್ತಿಡುತ್ತಿದ್ದಳು.

ಮಾವನಿಗೆ ಆ ಹೆಬ್ಬೆರಳಿನ ವಿದ್ಯೆ ಬರುತ್ತಿರಲಿಲ್ಲ. ಎರಡು ಕುದುರೆಗಳನ್ನು ಒತ್ತಿ, ಮೂರನೆಯದರ ಮೇಲೆ ಹೊಗೆಯ ವಾಸನೆ ಬಂದದ್ದೇ ಇಸ್ತ್ರಿ ಎತ್ತಿ ನಿಲ್ಲಿಸಿದರು. ಒಂದು ಕೈಯಲ್ಲಿ ಸೊಂಟ ಹಿಡಿದು, ಅಯ್ಯಪ್ಪಾ ಎನ್ನುತ್ತಾ ಮೇಜಿನ ಅಡಿಗೆ ಬಗ್ಗಿ, ಸ್ವಿಚ್ಚು ಆರಿಸಿದರು.

ಯಂತ್ರ ನಿಂತಿತು. ಮಾನಿಟರ್ ಕಪ್ಪಾಯಿತು.

ಮೂವರೂ ಒಬ್ಬರನ್ನೊಬ್ಬರು ನೋಡಿದರು. ದೊಡ್ಡ ಸೊಸೆ ಕಟ್ಟಿದ ಕೈಗಳನ್ನು ಹಾಗೇ ಮೇಲೆತ್ತಿ ತೋರಿಸಿದಳು.

"ಕಂಡ್ರಾ? ಕಣ್ಣಾರೆ ಕಂಡ್ರಾ? ನಾನು ಮುಟ್ಟಿದ್ನಾ?"

ಚಿಕ್ಕ ಸೊಸೆ ಕುರ್ಚಿಯಿಂದ ಎದ್ದು ಬಂದು ಇಸ್ತ್ರಿ ಮೇಜಿನ ಅಡಿಗೆ ಇಣುಕಿದಳು. ಬೋರ್ಡಿನಲ್ಲಿ ಎರಡು ಪ್ಲಗ್ಗು. ಒಂದು ಇಸ್ತ್ರಿಯದು, ಇನ್ನೊಂದು ಲ್ಯಾಪ್‌ಟಾಪಿನ ಚಾರ್ಜರಿನದು. ಮಾನಿಟರ್‌, ಯಂತ್ರ ಎರಡೂ ಗೋಡೆಯ ಪ್ಲಗ್ಗುಗಳನ್ನು ಹಿಡಿದುಕೊಂಡಿದ್ದವಾದ್ದರಿಂದ, ಚಾರ್ಜರನ್ನು ಇಲ್ಲಿಗೆ ಎಳೆದು ತಂದವಳು ಅವಳೇ. ಈಗ ಅದರ ಪುಟ್ಟ ದೀಪ ಆರಿತ್ತು. ಹಿಂದೆಲ್ಲ ಅವಳು ಇಷ್ಟು ದೂರ ಬಂದು ನೋಡುವಷ್ಟರಲ್ಲಿ ಆ ಹೆಬ್ಬೆರಳು ಸ್ವಿಚ್ಚನ್ನು ಮತ್ತೆ ಹಚ್ಚಿರುತ್ತಿತ್ತು, ದೀಪ ಉರಿಯುತ್ತಿತ್ತು.

ಅವಳು ತನ್ನ ಮೂಲೆಗೆ ಓಡಿದಳು. ಲ್ಯಾಪ್‌ಟಾಪನ್ನು ಎಳೆದು ಮುಚ್ಚಳ ತೆರೆದು, ಸೆಟ್ಟಿಂಗ್ಸಿನಲ್ಲಿ ಮೊದಲ ದಿನ ಮುಟ್ಟಿ ಬಿಟ್ಟಿದ್ದ ಆ ಜಾಗವನ್ನು ಹುಡುಕಿದಳು. ಮುಚ್ಚಳ ಮುಚ್ಚಿದರೆ ಏನು ಮಾಡಬೇಕು ಎಂಬ ಪ್ರಶ್ನೆ. ಅದಕ್ಕೆ ಎರಡು ಸಾಲು. ಕರೆಂಟು ಇದ್ದರೆ, ಏನೂ ಮಾಡಬೇಡ. ಇದನ್ನು ಅವಳೇ ಹಾಗೆ ಬದಲಿಸಿದ್ದಳು. ಬ್ಯಾಟರಿಯಲ್ಲಿದ್ದರೆ, ಮಲಗು. ಇದನ್ನು ಮುಟ್ಟಿರಲಿಲ್ಲ. ಚಾರ್ಜರು ಸದಾ ಸಿಕ್ಕಿಸಿಯೇ ಇರುತ್ತದಲ್ಲ, ಇದರ ಗೊಡವೆ ಯಾಕೆ ಎಂದುಕೊಂಡಿದ್ದಳು. ಸ್ವಿಚ್ಚು ಆರಿದಾಗಲೆಲ್ಲ ಪಾಪದ ಲ್ಯಾಪ್‌ಟಾಪು ಬ್ಯಾಟರಿಗೆ ಇಳಿದು, ಹೇಳಿದ ಮಾತು ಕೇಳಿ ಮಲಗುತ್ತಿತ್ತು, ಅಷ್ಟೆ.

"ಯಾಕೆ ಹೋಯ್ತು ಈಗ?" ಎಂದರು ಮಾವ.

ಒಂದು ಕ್ಷಣ ಅವಳಿಗೆ ಸುಲಭದ ದಾರಿ ಕಂಡಿತು. ತಂತಿ ಸಡಿಲ ಆಗಿತ್ತು ಮಾವ, ಸರಿಮಾಡಿದೆ ಎಂದರೆ ಮುಗಿಯಿತು. ಮೂಲೆ ಉಳಿಯುತ್ತದೆ, ಅಕ್ಕನ ಮೇಲಿನ ಅನುಮಾನವೂ ಇದ್ದಲ್ಲೇ ಇರುತ್ತದೆ, ಮಾವನಿಗೂ ನೋವಿಲ್ಲ. ಆದರೆ ದೊಡ್ಡ ಸೊಸೆ ಆಗಲೇ ಬಗ್ಗಿ ಬೋರ್ಡನ್ನು ನೋಡಿ, ಎದ್ದು, ಇವಳ ಮುಖವನ್ನೇ ದಿಟ್ಟಿಸುತ್ತಿದ್ದಳು. ಬಾಯಿಬಿಡು ನೋಡೋಣ ಎಂಬ ನೋಟ ಅದು.

"ನೀವು ಸ್ವಿಚ್ ಆರಿಸಿದ್ರಲ್ಲ ಮಾವ, ಅದಕ್ಕೆ. ಇಸ್ತ್ರಿಗೂ ಇದಕ್ಕೂ ಒಂದೇ ಸ್ವಿಚ್ಚು."

"ಹಾಗಾದ್ರೆ ಕೆಡಿಸಿದ್ದು ನಾನು ಅನ್ನು."

"ಇಸ್ತ್ರಿ ಕೆಟ್ಟಿರೋದ್ರಿಂದ ಆರಿಸಬೇಕಾಗುತ್ತೆ ಅಂದೆ."

"ನಲವತ್ತು ವರ್ಷದಿಂದ ಅಂಗಡಿ ನಡೆಸ್ತಾ ಇದ್ದೀನಿ. ಇಸ್ತ್ರಿಯಿಂದ ಟಿವಿ ಆರಿದ್ದು ಇವತ್ತೇ ಕೇಳಿದ್ದು."

"ಕೇಳಿದ್ರೆ ತಾನೇ" ಎಂದಳು ದೊಡ್ಡ ಸೊಸೆ. "ಗುಂಡಿ ಕೆಟ್ಟಿದೆ, ಮಾಡಿಸಿ, ಮಾಡಿಸಿ ಅಂತ ಬಾಯಿ ಬಡ್ಕೊಂಡೆ. ಕೈ ಸುಟ್ಟುಕೊಂಡೆ, ತೋರಿಸಿದೆ. ಆಗ ಕಿವಿಗೆ ಹಾಕ್ಕೊಂಡ್ರಾ?"

"ನೀನೂ ಶುರು ಮಾಡಿದ್ಯಾ? ಬೆಳಗ್ಗೆಯಿಂದ ಒಬ್ಬರನ್ನೊಬ್ಬರು ಕಿತ್ತು ತಿನ್ನೋಕೆ ಹೊರಟವರು ಈಗ ಇಬ್ಬರೂ ಸೇರಿ ನನ್ನ ಮೇಲೆ ಬೀಳ್ತಿದ್ದೀರಿ."

"ಸೇರಿಲ್ಲ" ಎಂದರು ಇಬ್ಬರೂ ಒಟ್ಟಿಗೇ. ಹಾಗೆ ಒಟ್ಟಿಗೆ ಅಂದದ್ದಕ್ಕೆ ಇಬ್ಬರಿಗೂ ಸಿಟ್ಟು ಬಂತು.

ಚಿಕ್ಕ ಸೊಸೆ ಎರಡನೆಯ ಸಾಲನ್ನೂ ಬದಲಿಸಿದಳು. ಏನೂ ಮಾಡಬೇಡ. ಲ್ಯಾಪ್‌ಟಾಪ್ ಮುಚ್ಚಿ ಗೂಡಿಗೆ ತಳ್ಳಿದಳು. ಮಾನಿಟರಿನಲ್ಲಿ ಕುದುರೆ ಹಾಗೇ ನಿಂತಿತ್ತು.

"ಈಗ ಹಚ್ಚಿ, ಆರಿಸಿ, ಏನು ಬೇಕಾದ್ರೂ ಮಾಡಿ ಮಾವ."

ಮಾವ ನಂಬದೆ ಬಗ್ಗಿ ಹಚ್ಚಿದರು, ಆರಿಸಿದರು, ಹಚ್ಚಿದರು. ಪ್ರತಿ ಸಲವೂ ಸೊಂಟ ಹಿಡಿದು ಎದ್ದು ಮಾನಿಟರ್ ನೋಡಿದರು. ಅದು ಅಲ್ಲಾಡಲಿಲ್ಲ. ಅದು ಮಲಗದ್ದೇ ಅವರಿಗೆ ಬೇಸರವಾದ ಹಾಗಿತ್ತು.

"ಇಷ್ಟು ಸಣ್ಣ ವಿಷಯ. ಇದಕ್ಕೆ ಇಷ್ಟು ದಿನ ಮನೆ ಅಂಗಡಿ ಎರಡೂ ಕುರುಕ್ಷೇತ್ರ ಆಯ್ತು."

"ಆ ಪೆಟ್ಟಿಗೆ ತಗೊಂಡು ಹೋಗ್ತೀರಾ ಮಾವ?"

ಮಾವ ರಟ್ಟಿನ ಪೆಟ್ಟಿಗೆಯನ್ನು ನೋಡಿದರು. ಇಟ್ಟದ್ದನ್ನು ತಾವೇ ಎತ್ತಿಕೊಂಡು ಹೋಗುವುದು ಅವರ ಜಾಯಮಾನದಲ್ಲಿ ಇರಲಿಲ್ಲ. "ಅಲ್ಲೇ ಇರಲಿ. ಮೊದಲು ಕುದುರೆ ಮುಗಿಸು. ಆಮೇಲೆ ನೋಡೋಣ" ಎಂದು ತೋಳು ಇಳಿಸಿಕೊಳ್ಳುತ್ತಾ ಹೊರಗೆ ಹೋದರು.

ಯಂತ್ರ ಮತ್ತೆ ಶುರುವಾಯಿತು. ದೊಡ್ಡ ಸೊಸೆ ಸ್ಟೂಲಿನಿಂದ ಎದ್ದು ಮೇಜಿನ ಹಿಂದೆ ಬಂದು ನಿಂತಳು. ಮಾವ ಸುಟ್ಟಿದ್ದ ಬ್ಯಾಡ್ಜನ್ನು ಪಕ್ಕಕ್ಕೆಸೆದು ಇಸ್ತ್ರಿ ಹಿಡಿದಳು. ಬೇಕೆಂದೇ, ಯಂತ್ರದ ಸದ್ದಿನ ಮೇಲೆ ಕೇಳಿಸುವಷ್ಟು ಜೋರಾಗಿ, ಹೆಬ್ಬೆರಳಲ್ಲಿ ಸ್ವಿಚ್ಚು ಒತ್ತಿದಳು. ಟಕ್. ಚಿಕ್ಕ ಸೊಸೆ ತಿರುಗಲಿಲ್ಲ. ಮತ್ತೆ ಟಕ್. ಕುದುರೆಯ ನಾಲ್ಕನೆಯ ಕಾಲು ಒಂದೇ ಹದದಲ್ಲಿ ಹೊಲಿಗೆಯಾಗುತ್ತಲೇ ಇತ್ತು.

ಕೊನೆಯ ಬ್ಯಾಡ್ಜು ಬುಟ್ಟಿಗೆ ಬೀಳುವ ಹೊತ್ತಿಗೆ ಕಿಟಕಿಯ ಬೆಳಕು ಹಳದಿಯಾಗಿತ್ತು. ಕೌಂಟರಿನಲ್ಲಿ ತರಬೇತುದಾರನ ದೊಡ್ಡ ದನಿ ಕೇಳಿಸಿತು, ಎಲ್ಲಿ ನಮ್ಮ ಕುದುರೆಗಳು ಎಂದು.

"ಮಾವನ ಮುಂದೆ ನನ್ನ ಮೇಲೆ ಹೊರಿಸಿದ್ದೆ" ಎಂದಳು ದೊಡ್ಡ ಸೊಸೆ, ಇಸ್ತ್ರಿಯಿಂದ ಕಣ್ಣೆತ್ತದೆ. "ಅದನ್ನ ವಾಪಸ್ ತಗೋ."

"ಆರಿಸಿದ್ದು ನಿಮ್ಮ ಕಾಲೇ ಅಲ್ವಾ ಅಕ್ಕ?"

"ಗೊತ್ತಿದ್ದು ಆರಿಸಿದ್ನಾ?"

ಚಿಕ್ಕ ಸೊಸೆ ಯೋಚಿಸಿದಳು. "ಇಲ್ಲ. ಗೊತ್ತಿರಲಿಲ್ಲ ಅಂತ ಒಪ್ಕೊಳ್ತೀನಿ. ಗೊತ್ತಿದ್ದಿದ್ರೆ ಇನ್ನೂ ಹೆಚ್ಚು ಸಲ ಆರಿಸ್ತಿದ್ರಿ."

"ಅದಂತೂ ಖಂಡಿತ" ಎಂದಳು ದೊಡ್ಡ ಸೊಸೆ.

ಅವಳು ಕೊನೆಯ ಕುದುರೆಯನ್ನು ಒತ್ತಿ, ಇಸ್ತ್ರಿ ನಿಲ್ಲಿಸಿ, ಹೆಬ್ಬೆರಳಲ್ಲಿ ಸ್ವಿಚ್ಚು ಆರಿಸಿದಳು. ಆಮೇಲೆ ಕೋಣೆ ದಾಟಿ ಬಂದು, ಚಿಕ್ಕ ಸೊಸೆಯ ಕುರ್ಚಿಯ ಪಕ್ಕದಿಂದ ರಟ್ಟಿನ ಪೆಟ್ಟಿಗೆಯನ್ನು ತನ್ನ ಮೇಜಿಗೆ ಎಳೆದುಕೊಂಡು ಹೋಗಿ, ಬ್ಯಾಡ್ಜುಗಳನ್ನು ಅದರೊಳಗೆ ಸಾಲಾಗಿ ಜೋಡಿಸತೊಡಗಿದಳು. ಎಲ್ಲವನ್ನೂ ತುಂಬಿ, ಮೇಲೊಂದು ಬಟ್ಟೆ ಹೊದಿಸಿ, ಪೆಟ್ಟಿಗೆಯ ಬಾಯಿ ಮುಚ್ಚಿ, ಅದನ್ನು ಸೊಂಟಕ್ಕೆ ಒತ್ತಿಕೊಂಡು ಕೌಂಟರಿನ ಕಡೆ ನಡೆದಳು. ಹೋಗುವಾಗ ಕಾಲಿಗೆ ಅಡ್ಡ ಬಂದ ಮಣೆಯನ್ನು ಮೇಜಿನ ಅಡಿಗೆ ಒದ್ದಳು.